ಮನೆಗಳಿಗೆ ಹೋಗಿಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೀದಿಯಲ್ಲಿದ್ದವರಿಗೆ ನಾವು ಕೊಡಿಸಿದ ರಾಯಚೂರಿನ ಬಾಡಿಗೆ ಮನೆಗಳಿಗೆ ಹೋದಾಗ ಬಾಗಿಲು ತಟ್ಟಿ, ಅಲ್ಲಿರುವವರು ಬನ್ನಿ ಅಂದ ಮೇಲೇ ಒಳಗೆ ಹೋಗಿ. ಬಾಡಿಗೆ ಕರಾರು ಅವರ ಹೆಸರಲ್ಲಿದೆ, ಬೀಗದ ಕೈಯೂ ಅವರದೇ ಅಲ್ವಾ?

ಹೊಸದಾಗಿ ಬಂದ ಅಜ್ಜ ಮಂಚ ಬಿಟ್ಟು ಹೊಸ್ತಿಲ ಹತ್ತಿರ, ಚೀಲ ತಲೆಗಿಟ್ಟುಕೊಂಡು, ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದಾರೆ. ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದವರು. ಸುಮ್ನೆ ಬಲವಂತ ಮಾಡಬೇಡಿ.

ಕುಡಿತ ಬಿಟ್ಟರೆ ಮಾತ್ರ ಮನೆ ಅನ್ನೋ ಮಾತು ಯಾರೂ ಆಡಬಾರದು. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಬೀದಿಯಲ್ಲಿದ್ದವರಿಗಾಗಿ ಶುರು ಮಾಡಿದ ಪದ್ಧತಿಯೂ ಇದೇ: ಮನೆ ಮೊದಲು, ಚಿಕಿತ್ಸೆ ಅವರ ಇಷ್ಟ.

ಬಿಸಿಲು ಜಾಸ್ತಿ ಇದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆ ತಗೊಳ್ಳುವವರಿಗೆ ಸೆಕೆ ಬೇಗ ತಟ್ಟುತ್ತದೆ. ಫ್ಯಾನ್ ತಿರುಗುತ್ತಿದೆಯಾ, ಕೊಡದಲ್ಲಿ ನೀರಿದೆಯಾ ನೋಡಿ. ಪಿಂಚಣಿ ಬಾರದವರ ಆಧಾರ್, ಪಾಸ್‌ಬುಕ್ಕಿನ ಫೋಟೋ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ.