ದುಶ್ಶಾಸನನ ಹೆಸರಾದರೂ ಗೊತ್ತಿತ್ತು

ಮಾನ್ಯ ಸಂಪಾದಕರೇ,

ರಕ್ತ ಚೆಲ್ಲಾಡುವ ಹಾರರ್ ಸಿನಿಮಾ ನೋಡುವವರ ತಲೆ ಕೆಟ್ಟಿದೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ನನ್ನದೂ ಕೆಟ್ಟಿರಬಹುದು. ಮೂವತ್ತೆರಡು ವರ್ಷದಿಂದ ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದೇನೆ. ದುಶ್ಶಾಸನನ ಎದೆಯ ರಕ್ತ ಕಲಸುವವನೂ ನಾನೇ. ಆಲೆಮನೆಯಿಂದ ಗಟ್ಟಿಯಾಗುವ ಮುಂಚಿನ ಪಾಕ ಒಂದು ಚೊಂಬು, ಅದಕ್ಕೆ ಕೆಂಪು ಬಣ್ಣ, ಕಪ್ಪು ತಿರುಗಲಿ ಅಂತ ಚಿಟಿಕೆ ಕಾಫಿಪುಡಿ. ಬೆಳಗಿನ ಜಾವಕ್ಕೆ ಇರುವೆ ಮುತ್ತಿ, ಸತ್ತ ದುಶ್ಶಾಸನ ಮಲಗಿದಲ್ಲೇ ಕೆರೆದುಕೊಳ್ಳುತ್ತಾನೆ. ಹಾಲಿವುಡ್‌ನವರದೂ ಇದೇ ಕಸುಬು, ಅವರಿಗೆ ಮುಸುಕಿನ ಜೋಳದ ಸಿರಪ್ಪು. 1960ರ ಹಿಚ್‌ಕಾಕ್‌ ‘ಸೈಕೋ’ದಲ್ಲಿ ಬಚ್ಚಲಿಗೆ ಹರಿದದ್ದು ಚಾಕೊಲೇಟ್ ಸಿರಪ್ಪು. ಕಪ್ಪು-ಬಿಳುಪಿನಲ್ಲಿ ಯಾರಿಗೆ ಗೊತ್ತಾಗಬೇಕು?

ಹಬ್ಬಕ್ಕೆ ಬಂದಿದ್ದ ಮಗಳ ಮಗ ಮೊಬೈಲನ್ನು ಟಿ.ವಿ.ಗೆ ಸಿಕ್ಕಿಸಿ ಅಂಥದ್ದೊಂದು ಹೊಸ ಸಿನಿಮಾ ಹಾಕಿದ. ಐದು ಜನ, ಒಂದು ಕಾರು, ತಪ್ಪಿದ ದಾರಿ. ಕೊನೆಗೆ ಉಳಿದವಳು ಒಬ್ಬಳು. ‘ಇಂಥ ದರಿದ್ರ ನಾನ್ ನೋಡಲ್ಲ’ ಅಂತ ಎದ್ದು ಹೋಗಿದ್ದ ನನ್ನ ಹೆಂಡತಿ, ಆ ಹುಡುಗಿ ಮುಳ್ಳುತಂತಿ ನುಸಿಯುವ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು, ‘ಅತ್ಲಾಗ್ ಹೋಗ್ಬ್ಯಾಡ ಕಣವ್ವ, ಇತ್ಲಾಗ್ ಬಾ’ ಅಂತ ಕೂಗುತ್ತಿದ್ದಳು. ಇದರಲ್ಲಿ ಜನಕ್ಕೆ ಏನು ಸಿಗುತ್ತದೆ ಎಂದು ಆ ಓದುಗರು ಕೇಳಿದ್ದರಲ್ಲ, ಆ ಸೌಟು ನೋಡಿದ್ದರೆ ಸಾಕಿತ್ತು.

ಆದರೆ ಸತ್ತ ನಾಲ್ವರ ಹೆಸರು ಬೆಳಿಗ್ಗೆಗೆ ಮನೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಕಾಲುಗಂಟೆಗೊಬ್ಬರಂತೆ ಕೊಚ್ಚಿದ್ದರು. ಮೊದಲನೆಯವನಿಗೆ ಬೆಚ್ಚಿಬಿದ್ದ ಮೊಮ್ಮಗ ಮೂರನೆಯವನ ಹೊತ್ತಿಗೆ ಚಕ್ಕುಲಿ ಮುರಿಯುತ್ತಿದ್ದ. ಅದರಲ್ಲೂ ಹೆಣ್ಣುಮಗಳನ್ನು ಹಿಂಸಿಸುವಾಗ ಕ್ಯಾಮೆರಾ ಕದಲುವುದೇ ಇಲ್ಲ. ಆಗ ನಾನು ರಿಮೋಟ್ ಹುಡುಕಿದೆ. ನಮ್ಮ ದುಶ್ಶಾಸನ ಸೀರೆಗೆ ಕೈ ಹಾಕುವುದು ರಾತ್ರಿ ಹನ್ನೆರಡಕ್ಕೆ, ಎದೆ ಬಗೆಸಿಕೊಳ್ಳುವುದು ಬೆಳಗಿನ ನಾಲ್ಕಕ್ಕೆ. ಅಷ್ಟೂ ಹೊತ್ತು ಜನ ಕಂಬಳಿ ಹೊದ್ದು ಕಾಯುತ್ತಾರೆ. ಅದಕ್ಕೇ ಒಂದು ಚೊಂಬು ಪಾಕ ಸಾಕು.

ಈ ಜಾತಿಯ ಹಿರಿಯಣ್ಣ, ಟೋಬ್ ಹೂಪರ್ 1974ರಲ್ಲಿ ತೆಗೆದ ‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’. ಹೆಸರಲ್ಲೇ ಗರಗಸ, ಆದರೆ ರಕ್ತ ಅಷ್ಟಕ್ಕಷ್ಟೆ. ಹುಡುಗಿಯನ್ನು ಮಾಂಸದ ಕೊಕ್ಕೆಗೆ ಸಿಕ್ಕಿಸುತ್ತಾರೆ; ಚುಚ್ಚಿದ್ದು ಕಾಣುವುದಿಲ್ಲ, ಅವಳ ಮುಖ, ಕೆಳಗೊಂದು ಬಕೆಟ್, ಅಷ್ಟೆ. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆಯಿಲ್ಲ. ಕೊಲ್ಲುವ ಕುಟುಂಬ ಕಸಾಯಿಖಾನೆಯಲ್ಲಿ ದುಡಿದದ್ದು. ದನ ಕೊಲ್ಲುವ ಸುತ್ತಿಗೆಯ ಜಾಗಕ್ಕೆ ಗನ್ನು ಬಂದು ಅವರ ಕೆಲಸ ಹೋಯಿತು. ‘ಸೈಕೋ’ದಲ್ಲಿ ಕೊಲೆ ನಡೆಯುವ ಲಾಡ್ಜಿಗೂ ಅಷ್ಟೆ, ಹೆದ್ದಾರಿ ಬೇರೆ ಕಡೆ ತಿರುಗಿದ ಮೇಲೆ ಗಿರಾಕಿಯಿಲ್ಲ. ಸಕ್ಕರೆ ಕಾರ್ಖಾನೆ ನಿಂತ ವರ್ಷಗಳನ್ನು ಕಂಡ, 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಊರನ್ನು ಬಳಸಿಕೊಂಡು ಹೋದದ್ದನ್ನೂ ಕಂಡ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನನ್ನ ತಮ್ಮನ ಹೋಟೆಲು ಹಳೇ ರಸ್ತೆಯಲ್ಲೇ ಇದೆ. ಅವನೇನೂ ಯಾರನ್ನೂ ಕೊಂದಿಲ್ಲ. ಮಿಕ್ಕ ಇಡ್ಲಿ ಪುಡಿ ಮಾಡಿ ಒಗ್ಗರಣೆ ಹಾಕಿ ನನಗೆ ತಿನ್ನಿಸುತ್ತಾನೆ.

ಮೊಮ್ಮಗ ಹಾಕಿದಂಥ ಹೊಸ ಸಿನಿಮಾದವರು ಆ ಕಥೆಯನ್ನೆಲ್ಲ ಕಿತ್ತೆಸೆದು, ಹರಕು ಅಂಗಿ, ಹುಳುಕು ಹಲ್ಲು ಮಾತ್ರ ಉಳಿಸಿಕೊಂಡಿದ್ದಾರೆ. ಹೆದ್ದಾರಿ ಇಳಿದರೆ ಹಳ್ಳಿ, ಹಳ್ಳಿಯವರೆಂದರೆ ನರಭಕ್ಷಕರು.

ಮೊನ್ನೆ ಮುಸ್ಸಂಜೆ ನಾಟಕಕ್ಕೆ ಪಾಕ ಕಲಸುತ್ತಾ ರಸ್ತೆ ಬದಿ ಕೂತಿದ್ದೆ. ಬೆಂಗಳೂರಿನ ಕಾರೊಂದು ನಿಂತು, ದಾರಿ ಕೇಳಲು ಗಾಜು ಇಳಿಯಿತು. ನಾನು ಎದ್ದು ಹತ್ತಿರ ಹೋದೆ. ಮುಂದಿನ ಎರಡು ಹಲ್ಲು ನನಗಿಲ್ಲ, ಮೊಣಕೈವರೆಗೂ ಕೆಂಪು. ಗಾಜು ಸರ್ರನೆ ಏರಿತು. ತಪ್ಪು ದಾರಿಯಲ್ಲೇ ಹೋದರು, ಪಾಪ.

– ನಾಟಕದ ಮೇಕಪ್ ಕೆಲಸಗಾರ, ಮಂಡ್ಯ ತಾಲ್ಲೂಕು