ಗಾತ್ರ ಪರೀಕ್ಷೆ: ಕಳೆಯುವ ಬದಲು ಕೂಡಿಸಿ

ಎಲ್ಲರಿಗೂ ನಮಸ್ಕಾರ. ಫೈಲ್‌ಸಿಸ್ಟಮ್ ಕೋಡ್‌ಗೆ ಪ್ಯಾಚ್ ಬರೆಯುತ್ತಿರುವವರು ಕಳಿಸುವ ಮೊದಲು ಇದನ್ನು ಓದಿ.

ಲಿನಕ್ಸ್ ಕರ್ನಲ್‌ನ ಸಿವಿಇ-2022-0185 ದೋಷ ನೋಡಿ (ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಸಾರ್ವಜನಿಕ ಗುರುತಿನ ಸಂಖ್ಯೆ). ಮೌಂಟ್ ಆಯ್ಕೆಗಳನ್ನು (ಫೈಲ್‌ಸಿಸ್ಟಮ್ ಜೋಡಿಸುವಾಗ ಕೊಡುವ ಸೂಚನೆಗಳು) ಒಂದೊಂದಾಗಿ 4096 ಬೈಟ್‌ನ ಮೆಮೊರಿ ಪುಟಕ್ಕೆ ಸೇರಿಸುತ್ತಾ ಹೋಗುವ ಫಂಕ್ಷನ್‌ನಲ್ಲಿ ಇತ್ತು ಅದು. ಜಾಗ ಸಾಲುತ್ತದೆಯಾ ಎಂಬ ಪರೀಕ್ಷೆ ಇತ್ತು, ಆದರೆ ಕಳೆಯುವ ಲೆಕ್ಕದಲ್ಲಿ. 4096ರಲ್ಲಿ 2 ಕಳೆದು, ಈಗಾಗಲೇ ತುಂಬಿದ ಬೈಟ್‌ಗಳನ್ನೂ ಕಳೆದು, ಹೊಸ ಆಯ್ಕೆ ಅದಕ್ಕಿಂತ ಉದ್ದವಿದೆಯಾ ಎಂದು ನೋಡುತ್ತಿತ್ತು. 4095 ಬೈಟ್ ತುಂಬಿದ್ದರೆ? ಉತ್ತರ -1 ಬರಬೇಕು ಅಲ್ವಾ? ಅನ್‌ಸೈನ್ಡ್ ಸಂಖ್ಯೆಯಲ್ಲಿ ಮೈನಸ್ ಇರುವುದಿಲ್ಲ. ಅದು ಭಾರೀ ದೊಡ್ಡ ಸಂಖ್ಯೆಯಾಗಿಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಬರೆದರೂ ತಡೆಯುವವರಿಲ್ಲ, ಪಕ್ಕದ ಮೆಮೊರಿ ಹಾಳಾಗುತ್ತದೆ. ಯೂಸರ್ ನೇಮ್‌ಸ್ಪೇಸ್ (ಬಳಕೆದಾರನಿಗೆ ತನ್ನದೇ ಪ್ರತ್ಯೇಕ ವಲಯದಲ್ಲಿ ಹೆಚ್ಚಿನ ಅಧಿಕಾರ ಕೊಡುವ ಸೌಲಭ್ಯ) ತೆರೆದಿರುವ ಯಂತ್ರಗಳಲ್ಲಿ ಸಾಮಾನ್ಯ ಬಳಕೆದಾರನೂ ಇದರಿಂದ ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರಿ, ಆಗಬಹುದಿತ್ತು. ಕರ್ನಲ್‌ನ 5.1 ಆವೃತ್ತಿಯಿಂದ ಇದ್ದ ತಪ್ಪು, 2022ರ ಜನವರಿಯಲ್ಲಿ ಸರಿಯಾಯಿತು.

ತಿದ್ದಿದ್ದು ಒಂದೇ ಸಾಲು. ತುಂಬಿದ್ದು, ಹೊಸ ಉದ್ದ, 2, ಮೂರನ್ನೂ ಕೂಡಿಸಿ 4096 ದಾಟಿತಾ ಎಂದು ನೋಡುವುದು. ನನಗೆ ಈ ಪ್ಯಾಚ್ ತುಂಬಾ ಇಷ್ಟ. ಓದಿದ ಕೂಡಲೇ ಸರಿ ಎಂದು ಗೊತ್ತಾಗುತ್ತದೆ. ಆದರೆ ಕೂಡಿಸುವಾಗಲೂ ಎಚ್ಚರ ಬೇಕು: ಉದ್ದ ಹೊರಗಿನಿಂದ, ಅದರಲ್ಲೂ ಡಿಸ್ಕ್‌ನಿಂದ, ಬಂದಿದ್ದರೆ ಮೊತ್ತವೇ ಸಂಖ್ಯೆಯ ಗರಿಷ್ಠ ಮಿತಿ ದಾಟಿ, ಸುತ್ತಿ ಸೊನ್ನೆಗೆ ಬರಬಹುದು. ಮೊದಲು ಆ ಉದ್ದಕ್ಕೇ ಒಂದು ಮಿತಿ ಹಾಕಿ.

ಪ್ಯಾಚ್ ಜೊತೆ 4094, 4095, 4096 ಬೈಟ್‌ಗಳ ಪರೀಕ್ಷೆಯನ್ನೂ ಸೇರಿಸಿ. ಸುಮ್ನೆ ‘ನನ್ನ ಯಂತ್ರದಲ್ಲಿ ಓಡಿತು’ ಎಂದರೆ ಸಾಲದು. ಸಂದೇಹ ಬಂದರೆ ಆ ಸಾಲನ್ನು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.