ಅಕ್ಷರ ಅಕ್ಷರವಾಗಿಯೇ ಬರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮ ಅಪ್ಪಯ್ಯನಿಗೆ ಒಂದು ಕಚೇರಿಯಿಂದ ಇಮೇಲ್ ಬಂತು. ಬೆಳೆವಿಮೆಯ ಸೂಚನೆ. ಅಪ್ಪಯ್ಯನಿಗೆ ಕಣ್ಣು ಮಂಜು, ಮೊಬೈಲಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ. ಆವತ್ತು ಅದು ‘ಇಮೇಜ್’ ಎಂದಷ್ಟೇ ಹೇಳಿ ಸುಮ್ಮನಾಯಿತು. ನಾನು ತೆಗೆದು ನೋಡಿದರೆ ಇಡೀ ಸೂಚನೆ, ಕೊನೆಯ ದಿನಾಂಕವೂ ಸೇರಿ, ಒಂದೇ ಒಂದು ಚಿತ್ರ. ಆ ಚಿತ್ರವೂ ಮೇಲ್‌ನೊಳಗೆ ಇರಲಿಲ್ಲ. ಕಚೇರಿಯ ಸರ್ವರ್‌ನಲ್ಲಿತ್ತು. ‘ಚಿತ್ರ ತೋರಿಸು’ ಎಂದು ಒತ್ತಿದ ಮೇಲೆ ನಿಧಾನಕ್ಕೆ ಇಳಿಯಿತು.

ಬೈಯುವ ಮೊದಲು ಒಪ್ಪಿಕೊಳ್ಳುತ್ತೇನೆ, ಇಂಥ ತಪ್ಪುಗಳನ್ನು ನಾನೂ ಮಾಡಿದ್ದೇನೆ. ಶಿರಸಿ ಹತ್ತಿರದ ಒಂದು ಅಡಿಕೆ ಸೊಸೈಟಿಯಲ್ಲಿ ನನ್ನದು ಕಂಪ್ಯೂಟರ್ ಕೆಲಸ. ಟೆಂಡರ್ ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ಧಾರಣೆ ನಮ್ಮ ವೆಬ್ ಪುಟಕ್ಕೆ ಏರುತ್ತದೆ. ಅದೇ ಪುಟವನ್ನು ಸಂಜೆ ಸದಸ್ಯರಿಗೆ ಮೇಲ್ ಮಾಡಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆದೆ. ಮೊದಲ ದಿನ ಅಕ್ಷರಗಳೆಲ್ಲ ಬಂದವು, ಗ್ರಾಫ್ ಇರಬೇಕಾದ ಜಾಗದಲ್ಲಿ ಖಾಲಿ ಡಬ್ಬಿ. ಪುಟದಲ್ಲಿ ಚಿತ್ರದ ಫೈಲ್ ಹೆಸರು ಮಾತ್ರ ಇತ್ತು. ಬ್ರೌಸರ್‌ಗೆ ಅದು ಯಾವ ಮನೆಯದು ಎಂದು ಗೊತ್ತು, ಮೇಲ್‌ಗೆ ಹೇಗೆ ಗೊತ್ತಾಗಬೇಕು?

ಸರಿ, ಪೂರ್ತಿ ವಿಳಾಸ ಹಾಕಿದೆ. ಗ್ರಾಫ್ ಬಂತು. ಒಂದು ದಿನ ಹಿರಿಯ ಸದಸ್ಯರೊಬ್ಬರು ಕೌಂಟರಿಗೇ ಬಂದರು. ಸೋಮವಾರದ ಮೇಲನ್ನು ಅವರು ಗುರುವಾರ ತೆರೆದಿದ್ದರು. ನಾವು ದಿನವೂ ಅದೇ ಹೆಸರಿನ ಫೈಲ್ ಮೇಲೆ ಹೊಸ ಗ್ರಾಫ್ ಹಾಕುತ್ತಿದ್ದೆವು. ‘ತಂಗೀ, ಗುರುವಾರದ ಧಾರಣೆ ನಿಮಗೆ ಸೋಮವಾರವೇ ಗೊತ್ತಿತ್ತಾ? ನಂಗೂ ಒಂದು ಮಾತು ಹೇಳಬಾರದಿತ್ತಾ?’ ಎಂದರು. ತಮಾಷೆಯೋ ಸಿಟ್ಟೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಚಿತ್ರವನ್ನು ಬೇಸ್-64 ಮಾಡಿ, ಅಂದರೆ ಬರೀ ಅಕ್ಷರ, ಅಂಕಿಗಳ ಉದ್ದ ಸಾಲಾಗಿಸಿ, ಪುಟದೊಳಗೇ ಅಂಟಿಸಿದೆ. ಬ್ರೌಸರ್‌ನಲ್ಲಿ ಚೆಂದವಾಗಿ ಕಂಡಿತು, ಜಿಮೇಲ್ ತೋರಿಸಲೇ ಇಲ್ಲ. ಕೊನೆಗೆ ಸರಿಯಾದ ದಾರಿ ಹಿಡಿದೆ. ಚಿತ್ರವನ್ನು ಮೇಲ್‌ನ ಜೊತೆಗೇ ಒಂದು ಭಾಗವಾಗಿ ಕಟ್ಟಿ, ಅದಕ್ಕೊಂದು ಕಂಟೆಂಟ್ ಐಡಿ, ಅಂದರೆ ಗುರುತಿನ ಹೆಸರು, ಕೊಡಬೇಕು. ಪುಟದಲ್ಲಿ ಚಿತ್ರದ ವಿಳಾಸದ ಬದಲು ‘ಸಿಐಡಿ’ ಎಂದು ಬರೆದು ಅದೇ ಗುರುತು ಹಾಕಬೇಕು. (ಪೊಲೀಸ್ ಸಿಐಡಿ ಅಲ್ಲ, ಗಾಬರಿ ಬೇಡ.) ಪೈಥಾನ್‌ನಲ್ಲಿ ‘ಆ್ಯಡ್ ರಿಲೇಟೆಡ್’ ಎಂಬ ಒಂದೇ ಸಾಲು ಇದನ್ನು ಮಾಡುತ್ತದೆ. ಮೇಲ್‌ನಲ್ಲಿ ಆ ಚಿತ್ರದ ಭಾಗದ ತಲೆಬರಹದಲ್ಲಿ (ಹೆಡರ್) ಆ ಗುರುತಿಗೆ ಎರಡೂ ಕಡೆ ಕೋನದ ಬ್ರಾಕೆಟ್ (< >) ಬೇಕು, ಪುಟದೊಳಗೆ ಇರಬಾರದು. ಅಷ್ಟಕ್ಕೇ ನನ್ನ ಅರ್ಧ ದಿನ ಹೋಯಿತು.

ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಮೇಲ್‌ನಲ್ಲಿ ಚಿತ್ರ, ಧ್ವನಿ ಕಳಿಸಲು ಬಳಸುವ ಮೈಮ್ ಎಂಬ ಪದ್ಧತಿಯನ್ನು ರೂಪಿಸಿದವರಲ್ಲೊಬ್ಬರಾದ ನಥಾನಿಯಲ್ ಬೊರೆನ್‌ಸ್ಟೈನ್ 1992ರ ಮಾರ್ಚ್ 11ರಂದೇ ತಮ್ಮ ಹಾಡುಗಾರ ಗೆಳೆಯರ ಫೋಟೊ, ಹಾಡು ಎರಡನ್ನೂ ಮೇಲ್‌ಗೆ ಲಗತ್ತಿಸಿ ಕಳಿಸಿದ್ದರು. ಸಿಐಡಿ ನಿಯಮಗಳೂ ಆ ದಶಕದಲ್ಲೇ ಬಂದವು. ಲಕೋಟೆಯೊಳಗೆ ಫೋಟೊ ಇಡುವುದಕ್ಕೂ ‘ಫೋಟೊ ನಮ್ಮ ಮನೆಯಲ್ಲಿದೆ, ಬಂದು ನೋಡಿ’ ಎಂದು ಚೀಟಿ ಕಳಿಸುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಹಾಗೆ ನೋಡಲು ಹೋದಾಗ ನೀವು ಮೇಲ್ ತೆರೆದದ್ದೂ ಆ ಮನೆಯವರಿಗೆ ಗೊತ್ತಾಗಬಹುದು.

ಖರ್ಚು ಇಲ್ಲದಿಲ್ಲ. ಚಿತ್ರ ಮೇಲ್‌ನಲ್ಲಿ ಬೇಸ್-64 ಆಗಿಯೇ ಸಾಗುತ್ತದೆ, ಮೂರು ಬೈಟ್ ನಾಲ್ಕಾಗುತ್ತದೆ. 90 ಕೆಬಿ ಗ್ರಾಫ್ 120 ಕೆಬಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ನಮ್ಮ ಕಡೆಯವರಿಗೆ ಇದು ಜಾಸ್ತಿಯೇ, ಹಾಗಾಗಿ ಚಿತ್ರವನ್ನು ಮೊದಲೇ ಸಣ್ಣದು ಮಾಡುತ್ತೇನೆ. ಇನ್ನೊಂದು ತೊಡಕು ಕನ್ನಡದ್ದೇ. ಎಲ್ಲ ಭಾಷೆಗೂ ಒಂದೇ ಆದ ಯೂನಿಕೋಡ್ ಅಕ್ಷರಗಳು ಮೇಲ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಎಂಬ ರೂಪದಲ್ಲಿರುತ್ತವೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ‘ಕ’ಕ್ಕೆ ಮೂರು ಬೇಕು. ಒತ್ತಕ್ಷರವಾದರೆ ಇನ್ನೂ ಹೆಚ್ಚು. ಮೇಲ್‌ನ ಪುಟ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಮಡಚಿಡುತ್ತದೆ. ನಮ್ಮದು ಕೆಂಪುಗೋಟಿನ ಸಾಲಿನ ಹತ್ತಿರ ಕತ್ತರಿಸಿತು. ಪುಟ ಹಗುರಾಗಲೆಂದು ಅದರ ಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್) ಎಲ್ಲ ಕಿತ್ತು ಹಾಕಿದೆ. ಅವು ಮೇಲ್‌ನಲ್ಲಿ ಹೇಗೂ ಓಡುವುದಿಲ್ಲ.

ಬೆಳೆವಿಮೆಯ ಸೂಚನೆ ಕಳಿಸಿದ ಆ ಕಚೇರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: ‘ಮೇಡಂ, ಕನ್ನಡ ಅಕ್ಷರ ಒಡೆದುಹೋಗುತ್ತೆ, ಅದಕ್ಕೇ ಚಿತ್ರ.’ ಅವರವರ ಫಾಂಟ್ ಅವರವರಿಗೆ ಎಂಬ ಕಾಲದಲ್ಲಿ ಈ ಮಾತು ನಿಜವಾಗಿತ್ತು. ಈಗ ಅಪ್ಪಯ್ಯನ ಅಗ್ಗದ ಮೊಬೈಲೂ ಯೂನಿಕೋಡ್ ಕನ್ನಡ ತೋರಿಸುತ್ತದೆ, ಗಟ್ಟಿಯಾಗಿ ಓದಿಯೂ ಹೇಳುತ್ತದೆ.

ಹಾಗಾಗಿ ಕಚೇರಿಗಳಲ್ಲಿ ಕೋಡ್ ಬರೆಯುವವರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ. ಸೂಚನೆಯ ಮಾತನ್ನು ಅಕ್ಷರವಾಗಿಯೇ ಕಳಿಸಿ. ಮೊಹರು, ನಕ್ಷೆ, ಗ್ರಾಫ್ ಮಾತ್ರ ಚಿತ್ರವಾಗಿರಲಿ, ಮೇಲ್‌ನೊಳಗೇ ಇರಲಿ. ಪ್ರತಿ ಚಿತ್ರಕ್ಕೂ ಅದೇನು ಎಂದು ಕನ್ನಡದಲ್ಲಿ ಒಂದು ಸಾಲು ಬದಲಿ ಪಠ್ಯ ಬರೆಯಿರಿ. ನನ್ನ ಕೋಡ್ ನಲವತ್ತು ಸಾಲು ಕೂಡ ಇಲ್ಲ. ಬೇಕಾದ ಕಚೇರಿಯವರು ಸೊಸೈಟಿಗೆ ಬಂದರೆ ಕೊಡುತ್ತೇನೆ. ಟೆಂಡರ್ ಹೊತ್ತಲ್ಲಿ ಮಾತ್ರ ಬರಬೇಡಿ.

ಇಂತಿ,
ನಿಮ್ಮ ಓದುಗಳು, ಶಿರಸಿ ತಾಲ್ಲೂಕು